ಎದುರುಮನೆಯ ಪಟ್ಟಿ

ನಮ್ಮ ಸುಗುಣಳನ್ನು ಎದುರುಮನೆಗೇ ಮದುವೆ ಮಾಡಿ ಕೊಟ್ಟಾಗ ಬೀದಿಯ ಹೆಂಗಸರೆಲ್ಲ ಹೊಟ್ಟೆಕಿಚ್ಚು ಪಟ್ಟರು. ಬೇರೆಯವರ ಹೆಣ್ಣುಮಕ್ಕಳು ಅತ್ತುಕೊಂಡು ಗಾಡಿ ಹತ್ತಬೇಕು, ನಮ್ಮವಳು ಚಪ್ಪಲಿ ಕೂಡ ಮೆಟ್ಟದೆ ಗಂಡನ ಮನೆಗೆ ಹೋದಳು. ಆಗ ಬೀದಿ ಎಷ್ಟು ಕಿರಿದಾಗಿತ್ತೆಂದರೆ ನನ್ನ ಹೆಂಡತಿ ಚೌಡಮ್ಮ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಎದುರುಮನೆಯವರು ಸೀನುತ್ತಿದ್ದರು. ಜಗಲಿಯಲ್ಲಿ ನಿಂತು ಕೊತ್ತಂಬರಿ ಕಟ್ಟು ಎಸೆದರೆ ಸುಗುಣ ಆ ಜಗಲಿಯಲ್ಲಿ ನಿಂತು ಹಿಡಿಯುತ್ತಿದ್ದಳು. ನಾನು ದರ್ಜಿ ಮುದ್ದಯ್ಯ, ಹೊಲಿಗೆ ಯಂತ್ರದ ಮುಂದೆ ಕೂತೇ ಅಳಿಯ ರೇವಣ್ಣನ ಜೊತೆ ಊರ ವಿಚಾರವೆಲ್ಲ ಮಾತಾಡಿ ಮುಗಿಸುತ್ತಿದ್ದೆ.

ಆದರೆ ನಮ್ಮೂರಿನ ಬೀದಿ ಇದ್ದ ಹಾಗೆ ಇರುವಂಥದ್ದಲ್ಲ. ವರ್ಷಕ್ಕೊಂದು ದಿನ, ಹುಣಸೆಕಾಯಿ ಬಡಿದು ಮುಗಿದ ಮೇಲೆ, ಜಗ್ಗು ಬರುತ್ತದೆ. ಅವತ್ತು ಮೂಡಲ ಸಾಲಿನ ನಮ್ಮ ಮನೆಗಳು ಇದ್ದಲ್ಲೇ ಇರುತ್ತವೆ, ಪಡುವಲ ಸಾಲಿನ ಮನೆಗಳು ಹಿಂದಕ್ಕೆ ಸರಿಯುತ್ತವೆ. ಬೆಳಗಿನ ಬಿಸಿಲು ಪಡುವಲ ಸಾಲಿನ ಜಗಲಿಯಿಂದ ಅಂಗಳಕ್ಕೆ ಇಳಿಯುವ ಹೊತ್ತಿಗೆ ಬಿಂದಿಗೆಯ ನೀರು ಒಂದು ಬದಿಗೆ ವಾಲುತ್ತದೆ. ಸಂಜೆ ದನ ಮನೆಗೆ ಬರುವಾಗ ನೀರು ಮಟ್ಟಕ್ಕೆ ಬರುತ್ತದೆ. ಅಷ್ಟೇ. ನಡುವೆ ಹೊಸದಾಗಿ ಹುಟ್ಟಿದ ನೆಲದ ಮೇಲೆ ಮರುದಿನವೇ ಮಕ್ಕಳು ಬುಗುರಿ ಆಡುತ್ತಾರೆ. ಹೀಗೆ ಯಾಕೆ ಎಂದು ಚಿಕ್ಕವನಿದ್ದಾಗ ಅಜ್ಜಿಯನ್ನು ಕೇಳಿದ್ದೆ. ‘ಹಲ್ಲು ಯಾಕೆ ಬೀಳುತ್ತೆ? ಹಂಗೇ,’ ಎಂದು ಹೇಳಿ ಅವಳು ಎಲೆ ಅಡಿಕೆ ಕುಟ್ಟುವುದನ್ನು ಮುಂದುವರಿಸಿದಳು.

ಸರಿಯುವ ಮನೆಯನ್ನು ಹಿಡಿದು ನಿಲ್ಲಿಸಲು ಪ್ರತಿ ಮನೆಗೂ ಅದರ ಎದುರುಮನೆಗೂ ನಡುವೆ ಅಲ್ಯೂಮಿನಿಯಂ ಪಟ್ಟಿ ಬಿಗಿದಿರುತ್ತೇವೆ, ಈ ಜಗಲಿಯ ಕಲ್ಲುಗಂಬದಿಂದ ಆ ಜಗಲಿಯ ಕಲ್ಲುಗಂಬಕ್ಕೆ, ಸೊಂಟದೆತ್ತರದಲ್ಲಿ. ಹಾಗಾಗಿ ನಮ್ಮ ಬೀದಿಯಲ್ಲಿ ನಡೆಯುವುದೆಂದರೆ ಬಾಗುವುದು. ಸೈಕಲ್ಲಿನವರು ಸೈಕಲ್ಲನ್ನು ಎತ್ತಿ ದಾಟಿಸಬೇಕು. ಮದುವೆ ದಿಬ್ಬಣದಲ್ಲಿ ಗಂಡು ಪೇಟ ಕೈಯಲ್ಲಿ ಹಿಡಿದು ಬಾಗಿ ಬಾಗಿ ಬರುತ್ತಾನೆ, ಹೆಣ್ಣಿನ ಕಡೆಯವರು ‘ಎಷ್ಟು ವಿನಯ ನೋಡಿ’ ಎಂದು ರೇಗಿಸುತ್ತಾರೆ. ಪಟ್ಟಿಯ ಮೇಲೆ ಬಟ್ಟೆ ಒಣಗುತ್ತದೆ, ಬೆಕ್ಕು ನಡೆಯುತ್ತದೆ. ಪಟ್ಟಿ ಗಟ್ಟಿಯಾಗಿದ್ದರೆ ಮನೆ ಒಂದಿಷ್ಟು ಸರಿದು ನಿಲ್ಲುತ್ತದೆ. ಹರಿದರೆ ನಿಲ್ಲುವುದಿಲ್ಲ. ನನ್ನ ಕಣ್ಣೆದುರಿಗೇ ದೇವೀರಪ್ಪನವರ ಮನೆ ಹಾಗೆ ಹೋಯಿತು. ಒಲೆ ಹೊತ್ತಿಸಿದ್ದರು, ಮಾಡಿನಿಂದ ಹೊಗೆ ಏಳುತ್ತಲೇ ಇತ್ತು, ಬಾಗಿಲಲ್ಲಿ ಅವರ ಸೊಸೆ ಮೊರ ಹಿಡಿದು ನಿಂತಿದ್ದಳು. ದನ ಮನೆಗೆ ಬರುವಷ್ಟರಲ್ಲಿ ಹೊಗೆಯೂ ಕಾಣಲಿಲ್ಲ. ಹುಡುಕಿಕೊಂಡು ಹೋದವರು ಬರೀ ಬಯಲು ನೋಡಿಕೊಂಡು ಬಂದರು. ಹೋದ ಮನೆಗೆ ದಾರಿ ಇರುವುದಿಲ್ಲ.

ಪಟ್ಟಿ ಮಾಡುವುದರಲ್ಲಿ ಒಂದು ಕ್ರಮವಿದೆ. ಮೂಡಲ ಸಾಲಿನವರದು ಗಟ್ಟಿ ತಗಡು, ಪಡುವಲ ಸಾಲಿನವರದು ಮೆತ್ತನೆಯ ತಗಡು. ಬೀದಿಯ ಕೊನೆಯಲ್ಲಿ ಬುಡೇನ್ ಸಾಬರ ಲಟ್ಟಣಿಗೆ ಮನೆ ಇದೆ. ಹೆಸರು ಊರವರು ಇಟ್ಟದ್ದು, ಒಳಗೆ ಇರುವುದು ಕಬ್ಬಿನ ಗಾಣದಂಥ ಎರಡು ಕಬ್ಬಿಣದ ಉರುಳೆ. ನಾವು ತಗಡನ್ನು ಅದರ ನಡುವೆ ಕೊಟ್ಟು ತೆಳ್ಳಗೆ ಮಾಡಿಸಿ, ಅರ್ಧಕ್ಕೆ ಕತ್ತರಿಸಿ, ಒಂದರ ಮೇಲೊಂದು ಇಟ್ಟು, ಮತ್ತೆ ಉರುಳೆಗೆ ಕೊಡುತ್ತೇವೆ. ಹೀಗೆ ಮಾಡಿದಷ್ಟೂ ತಗಡು ಬಲಿಯುತ್ತದೆ, ಒಳಗಿನ ಕಣ ಸಣ್ಣದಾಗುತ್ತಾ ಹೋಗುತ್ತದೆ. ಎದುರುಮನೆಯವರು ಕಡಿಮೆ ಉರುಳಿಸಿದ ತಗಡನ್ನು ಒಲೆಯ ಕೆಂಡದ ಮೇಲೆ ನಿಧಾನವಾಗಿ ಕಾಯಿಸಿ ಮೆತ್ತಗೆ ಮಾಡುತ್ತಾರೆ. ಅದರ ಕಣ ಉಪ್ಪಿಟ್ಟಿನ ರವೆಯಷ್ಟು ದಪ್ಪ, ನಮ್ಮದು ಚಿರೋಟಿ ರವೆ. ಕೊನೆಗೆ ಒಂದು ಗಟ್ಟಿ, ಒಂದು ಮೆತ್ತನೆ, ಮತ್ತೆ ಒಂದು ಗಟ್ಟಿ, ಒಂದು ಮೆತ್ತನೆ ಎಂದು ಅಡುಕಿ ಎಲ್ಲವನ್ನೂ ಒಟ್ಟಿಗೆ ಉರುಳೆಗೆ ಕೊಟ್ಟರೆ ಪದರ ಪದರವಾಗಿ ಅಂಟಿಕೊಂಡು ಒಂದೇ ಪಟ್ಟಿಯಾಗಿ ಹೊರಗೆ ಬರುತ್ತದೆ.

ನಮ್ಮ ಬೀಗಿತ್ತಿಯ ಹೆಸರು ಸಣ್ಣಮ್ಮ. ಹೆಸರಿಗೂ ಆಳಿಗೂ ಸಂಬಂಧವಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗನನ್ನು ಬೆಳೆಸಿದವಳು, ಆದರೂ ಯಾವುದಕ್ಕೂ ಗಡಿಬಿಡಿ ಮಾಡಿದ್ದನ್ನು ನಾನು ನೋಡಿಲ್ಲ. ಹಾಲು ಉಕ್ಕಿದರೆ ‘ಉಕ್ಲಿ ಬಿಡು’ ಎನ್ನುವಳು. ನನ್ನ ಚೌಡಮ್ಮ ಹಾಲು ಉಕ್ಕುವ ಮುಂಚೆಯೇ ಒಲೆಯ ಮುಂದೆ ಕಾವಲು ಕೂರುವವಳು. ಇಬ್ಬರಿಗೂ ಹೊಂದಿಕೆಯಾಗದಿದ್ದರೆ ಆಶ್ಚರ್ಯವೇನು? ಆದರೂ ಮಗಳ ಮುಖ ನೋಡಿಕೊಂಡು ಹೇಗೋ ನಡೆಯುತ್ತಿತ್ತು, ಹಿಂದಿನ ವರ್ಷದ ಜಗ್ಗಿನ ತನಕ.

ಆ ವರ್ಷ ಸಣ್ಣಮ್ಮ ಮೆತ್ತನೆಯ ತಗಡನ್ನು ಧಾರಾಳವಾಗಿ ತಂದುಬಿಟ್ಟಳು. ಪಟ್ಟಿ ಹರಿಯಲಿಲ್ಲ, ಆದರೆ ಹಿಗ್ಗಿತು ನೋಡಿ, ಹಿಗ್ಗುತ್ತಲೇ ಹೋಯಿತು. ಸಂಜೆ ನೋಡಿದರೆ ಬೀಗರ ಮನೆ ಪಡುವಲ ಸಾಲಿನ ಬೇರೆ ಮನೆಗಳಿಗಿಂತ ಹಿಂದೆ, ಊಟದ ಪಂಕ್ತಿಯಲ್ಲಿ ಜಾಗ ಸಿಗದವರ ಹಾಗೆ ಬೇರೆಯಾಗಿ ನಿಂತಿತ್ತು. ಕೊತ್ತಂಬರಿ ಕಟ್ಟು ಎಸೆಯುವ ಮಾತು ಮುಗಿಯಿತು. ಅದಕ್ಕಿಂತ ದೊಡ್ಡ ಸಂಕಟವೆಂದರೆ ಸುಗುಣಳ ಮಗು ಅತ್ತರೆ ನಮಗೆ ಕೇಳಿಸದಾಯಿತು. ಮೊದಲೆಲ್ಲ ಅದು ಮುಲುಗಿದರೂ ಚೌಡಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಈಗ ಸಂಜೆಯಾದರೆ ಜಗಲಿಯ ಕಂಬಕ್ಕೆ ಆತುಕೊಂಡು ಕಿವಿ ಆ ಕಡೆ ಮಾಡಿ ನಿಲ್ಲುತ್ತಿದ್ದಳು. ‘ಅತ್ತಿತೇನ್ರೀ?’ ಎಂದು ನನ್ನನ್ನು ಕೇಳುವಳು. ‘ಇಲ್ಲ ಕಣೇ’ ಎನ್ನುವೆ. ‘ಅಳೋದು ನಿಮಗೆ ಎಲ್ಲಿ ಕೇಳ್ಬೇಕು’ ಎಂದು ನನಗೇ ಬೈಯುವಳು. ಕಣ್ಣಲ್ಲಿ ನೀರು ಇರುತ್ತಿತ್ತು, ನಾನು ನೋಡಿಯೂ ನೋಡದ ಹಾಗೆ ಸೂಜಿಗೆ ದಾರ ಪೋಣಿಸುತ್ತಿದ್ದೆ.

ಈ ವರ್ಷ ಪಟ್ಟಿ ಮಾಡುವ ಕಾಲ ಬಂದಾಗ ಚೌಡಮ್ಮ ಸೆರಗು ಸಿಕ್ಕಿಸಿ ನಿಂತಳು. ‘ಈ ಸಲ ಅವಳ ಹಪ್ಪಳ ನನ್ನ ಪಟ್ಟಿಗೆ ಬೇಡ. ಎಲ್ಲಾ ನಮ್ಮದೇ ಗಟ್ಟಿ ತಗಡು. ಒಂದು ಗೇಣು ಸರೀಲಿ ನೋಡೋಣ ಆ ಮನೆ!’ ಎಂದಳು. ನಾನು ಬೇಡ ಎನ್ನಬೇಕಿತ್ತೇನೋ. ಆದರೆ ಮಗು ಇನ್ನೂ ದೂರ ಹೋಗುವುದು ನನಗೂ ಬೇಡವಾಗಿತ್ತು. ಸುಗುಣ ಹೋಗಿ ಅತ್ತೆಗೆ ವಿಷಯ ತಿಳಿಸಿದಾಗ ಸಣ್ಣಮ್ಮ, ‘ಅವರಿಗೆ ಹೆಂಗೆ ಸರಿ ಅನ್ಸುತ್ತೋ ಹಂಗೆ ಮಾಡ್ಲಿ ಬಿಡವ್ವ’ ಎಂದಳಂತೆ. ಅದೂ ಚೌಡಮ್ಮನಿಗೆ ಉರಿಯಿತು. ಜಗಳಕ್ಕೆ ಬರದವರ ಮೇಲೆ ಅವಳಿಗೆ ಸಿಟ್ಟು ಜಾಸ್ತಿ.

ಲಟ್ಟಣಿಗೆ ಮನೆಯಲ್ಲಿ ಚೌಡಮ್ಮ ತಗಡನ್ನು ಬೇರೆಯವರಿಗಿಂತ ಹೆಚ್ಚು ಸಲ ಉರುಳಿಸಿದಳು. ಬುಡೇನ್ ಸಾಬರು ಎಲ್ಲರ ಪಟ್ಟಿಯಿಂದಲೂ ಒಂದು ಚೂರು ಕತ್ತರಿಸಿ, ಗೋಡೆಯ ಮೇಲಿನ ತಿರುಪಿಗೆ ಸಿಕ್ಕಿಸಿ ಎಳೆದು ನೋಡುತ್ತಾರೆ. ನಮ್ಮ ಚೂರನ್ನೂ ಸಿಕ್ಕಿಸಿದರು. ತಿರುಪು ಬಿಗಿಯಾಯಿತು, ಚೂರು ಜಪ್ಪಯ್ಯ ಎನ್ನಲಿಲ್ಲ. ಚೌಡಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಸಾಬರು ಇನ್ನೂ ಒಂದಿಷ್ಟು ತಿರುಗಿಸಿದರು. ಪಟ್ ಎಂದಿತು. ಮುರಿದ ತುಂಡನ್ನು ಅವರು ಬೆಳಕಿಗೆ ಹಿಡಿದು ತೋರಿಸಿದರು.

‘ಇಲ್ಲಿ ನೋಡಿ ಚೌಡಮ್ಮನೋರೆ. ಉದ್ದಕ್ಕೂ ಒಂದಿಷ್ಟೂ ಹಿಗ್ಗಿಲ್ಲ. ಇಲ್ಲೊಂದೇ ಕಡೆ ಸೊಂಟ ಸಣ್ಣ ಮಾಡ್ಕೊಂಡು ಹೋಗ್ಬಿಟ್ಟಿದೆ. ಗಟ್ಟಿ ತಗಡಿನ ಹಣೆಬರಹವೇ ಇಷ್ಟು. ತಡ್ಕೊಳ್ಳೋವರೆಗೂ ಬಂಡೆ. ಬಿಡ್ತು ಅಂದ್ರೆ ಒಂದೇ ಜಾಗದಲ್ಲಿ ಬಿಡುತ್ತೆ. ಪಕ್ಕದಲ್ಲಿ ಮೆತ್ತನೇದು ಅಂಟ್ಕೊಂಡಿದ್ರೆ ಸಣ್ಣ ಆಗೋಕೆ ಅದು ಬಿಡಲ್ಲ, ಎಳೆತಾನ ಆಚೆ ಈಚೆ ಹಂಚಿಬಿಡುತ್ತೆ.’

‘ನೀವು ತಿರುಪನ್ನ ಒಂದೇ ಸಲಕ್ಕೆ ತಿರುವಿದ್ರಿ, ಅದಕ್ಕೆ,’ ಎಂದಳು ಚೌಡಮ್ಮ. ‘ಚೂರು ಮುರಿದ್ರೆ ಪಟ್ಟಿ ಮುರಿಯುತ್ತಾ? ಕಟ್ಟಿಕೊಡಿ.’

ಸಾಬರು ನನ್ನ ಮುಖ ನೋಡಿದರು. ನಾನು ಛಾವಣಿ ನೋಡಿದೆ. ದರ್ಜಿಯಾದ ನನಗೆ ಕಾಲರಿನ ಒಳಗೆ ಬಕ್ರಂ ಎಂಬ ಸೆಟೆದ ಬಟ್ಟೆ ಇಡುವುದು ಯಾಕೆಂದು ಗೊತ್ತು, ಬರೀ ಬಕ್ರಮ್ಮಿನಲ್ಲೇ ಅಂಗಿ ಹೊಲಿದರೆ ಏನಾಗುತ್ತದೆಂದೂ ಗೊತ್ತು. ಅದನ್ನು ಹೆಂಡತಿಗೆ ಹೇಳುವ ಧೈರ್ಯ ಬೇರೆ ವಿಚಾರ. ಪಟ್ಟಿ ಕಟ್ಟಿದೆವು. ಹಳೆಯದನ್ನು ಬಿಚ್ಚಿ ಹಾಕಿದೆವು. ಹೊಸದು ಬೀದಿಯಲ್ಲೆಲ್ಲ ಥಳಥಳ ಹೊಳೆಯುತ್ತಿತ್ತು, ಬೆರಳಲ್ಲಿ ಮೀಟಿದರೆ ಕಂಚಿನ ತಟ್ಟೆಯ ಹಾಗೆ ನಾದ ಬರುತ್ತಿತ್ತು. ನೋಡಿದವರೆಲ್ಲ ಭೇಷ್ ಎಂದರು.

ಜಗ್ಗಿನ ಬೆಳಿಗ್ಗೆ ಎದುರುಮನೆಯ ಸೊಸೆ ಬಂದು ಪಟ್ಟಿಗೆ ಅರಿಸಿನ ಹಚ್ಚಿ ಹೋಗುವುದು ಪದ್ಧತಿ. ಸುಗುಣ ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ಬಂದಳು. ಅರಿಸಿನ ಹಚ್ಚಿದಳು, ನನ್ನ ಕಾಲಿಗೆ ನಮಸ್ಕಾರ ಮಾಡಿದಳು, ಹೊರಟಳು. ಚೌಡಮ್ಮ ಅವಳ ಕೈ ಹಿಡಿದುಕೊಂಡಳು.

‘ಇವತ್ತೊಂದು ದಿನ ಇಲ್ಲೇ ಇರೇ.’

‘ಯಾಕಮ್ಮ?’

‘ಯಾಕೇನು, ತವರುಮನೆಯಲ್ಲಿ ಇರೋಕೆ ಕಾರಣ ಬೇಕಾ? ಮಗೂಗೆ ಸಜ್ಜಿಗೆ ಮಾಡ್ತೀನಿ. ಸಂಜೆ ಹೋಗುವಿಯಂತೆ.’

‘ಅವರು, ಅತ್ತೆ ಎಲ್ಲ ಆ ಕಡೆ ಇರ್ತಾರಲ್ಲಮ್ಮ.’

‘ಅವರು ಇರ್ಲಿ. ನೀನು, ಮಗು ಈ ಕಡೆ ಇರಿ. ನನ್ನ ಮಾತು ಕೇಳು.’

ಸುಗುಣ ತಾಯಿಯ ಮುಖವನ್ನೇ ನೋಡಿದಳು. ಅವಳಿಗೆ ತಾಯಿಯ ಹಟವೂ ಬಂದಿದೆ, ಬೀಗಿತ್ತಿಯ ಮನೆಯಲ್ಲಿದ್ದು ಮೆತ್ತಗೆ ಮಾತಾಡುವುದೂ ಬಂದಿದೆ. ದನಿ ಏರಿಸದೆ ಕೇಳಿದಳು, ‘ಪಟ್ಟಿ ಗಟ್ಟಿಯಾಗಿದೆ ಅಂತೀಯಲ್ಲಮ್ಮ. ಅಷ್ಟು ಗಟ್ಟಿಯಾಗಿದ್ರೆ ನನ್ನನ್ಯಾಕೆ ಈ ಕಡೆ ಇರು ಅಂತೀಯ?’

ಚೌಡಮ್ಮ ಮಗಳ ಕೈ ಬಿಟ್ಟು ಕಂಬದ ಹತ್ತಿರ ಹೋಗಿ ಪಟ್ಟಿಯ ಮೇಲೆ ಕೈಯಿಟ್ಟು ನಿಂತಳು. ಆಮೇಲೆ, ‘ರೀ, ಬಿಚ್ರೀ ಇದನ್ನ’ ಎಂದಳು.

‘ಬಿಚ್ಚೋದಾ? ಬಿಸಿಲು ಆಗಲೇ ಎದುರು ಜಗಲಿ ಮೇಲಿದೆ ಕಣೇ! ಜಗ್ಗು ಶುರುವಾಗೋ ಹೊತ್ತಿಗೆ ಪಟ್ಟಿ ಇಲ್ದೇ ಇದ್ರೆ…’

‘ಇದ್ದರೂ ಇಲ್ದಂಗೇ ಇದು. ಬಿಚ್ಚಿ ಅಂದ್ನಲ್ಲ! ಸುಗುಣ, ನಿಮ್ಮತ್ತೆ ಹತ್ರ ತಗಡು ಇದೆಯೇನೆ?’

ಇತ್ತು. ಬೇಡವೆಂದು ಹೇಳಿ ಕಳಿಸಿದ್ದರೂ ಸಣ್ಣಮ್ಮ ಮೆತ್ತನೆಯ ತಗಡನ್ನು ಕೆಂಡದ ಮೇಲೆ ಹದವಾಗಿ ಕಾಯಿಸಿ, ಹಳೆ ಸೀರೆಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದಳು. ‘ಮಾಡೋ ಕಾಲಕ್ಕೆ ಕೈ ಸುಮ್ನಿರಲಿಲ್ಲ, ಮಾಡಿಟ್ಟೆ’ ಎಂದಳು. ಆ ಕಟ್ಟನ್ನು ತಲೆಯ ಮೇಲೆ ಹೊತ್ತು ಬೀದಿಗಿಳಿದ ಬೀಗಿತ್ತಿ ಅವತ್ತು ಓಡಿದ್ದನ್ನು ನೆನೆದರೆ ನನಗೆ ಈಗಲೂ ನಗುವೂ ಬರುತ್ತದೆ, ಕಣ್ಣೂ ತುಂಬುತ್ತದೆ. ಪಟ್ಟಿ ಬಂದಲ್ಲೆಲ್ಲ ಬಾಗಬೇಕು, ಬಾಗಿದರೆ ಕಟ್ಟು ಜಾರುತ್ತದೆ, ಕಟ್ಟು ಹಿಡಿದರೆ ಸೆರಗು ಜಾರುತ್ತದೆ. ಅವಳ ಹಿಂದೆ ಚೌಡಮ್ಮ, ‘ಬಲಗಡೆ ಬಗ್ಗಿ! ಇನ್ನೂ ಬಗ್ಗಿ ಬೀಗಿತ್ತೀ!’ ಎಂದು ಕೂಗುತ್ತಾ ಓಡುತ್ತಿದ್ದಳು. ನಾನೂ ರೇವಣ್ಣನೂ ಬಿಚ್ಚಿದ ಪಟ್ಟಿಯನ್ನು ಸುರುಳಿ ಸುತ್ತಿ ಕೋಲಿಗೆ ಸಿಕ್ಕಿಸಿಕೊಂಡು ಹಿಂದೆ ಹೊರಟೆವು. ಜಗಲಿಗಳ ಮೇಲೆ ಕೂತಿದ್ದವರು ಎದ್ದು ನಿಂತರು. ಜಗ್ಗಿನ ಬೆಳಿಗ್ಗೆ ಪಟ್ಟಿ ಬಿಚ್ಚಿದವರನ್ನು ಅವರು ಯಾವತ್ತೂ ನೋಡಿರಲಿಲ್ಲ.

ಬುಡೇನ್ ಸಾಬರು ಉರುಳೆ ತೊಳೆದು ಬಟ್ಟೆ ಮುಚ್ಚಿ ಅವಲಕ್ಕಿ ತಿನ್ನುತ್ತಿದ್ದರು. ‘ಇವತ್ತು ಉರುಳೆ ತಿರುಗಿಸೋ ದಿನ ಅಲ್ಲ ಕಣಮ್ಮ’ ಎಂದರು.

‘ಇವತ್ತು ತಿರುಗಿಸದೇ ಇದ್ರೆ ನಾಳೆ ಯಾರಿಗೆ ತಿರುಗಿಸ್ತೀರಿ? ನನ್ನ ಮಗಳು ಅಲ್ಲಿದ್ದಾಳೆ!’ ಎಂದಳು ಚೌಡಮ್ಮ. ಅವರು ತಟ್ಟೆ ಪಕ್ಕಕ್ಕಿಟ್ಟು ಕೈ ತೊಳೆದರು.

ನಮ್ಮ ಹೆಮ್ಮೆಯ ಪಟ್ಟಿಯನ್ನು ಕತ್ತರಿಸಿ ತುಂಡು ಮಾಡಿದೆವು. ತುಂಡು ತುಂಡಿನ ನಡುವೆ ಮೆತ್ತನೆಯ ತಗಡು ಇಟ್ಟು ಉರುಳಿಸಿದರೆ ತೆಳ್ಳಗಾಗಿ ಮತ್ತೆ ಉದ್ದ ಬರುತ್ತದೆ, ಬರಬೇಕು. ಅಂಟಬೇಕಾದರೆ ಮೊದಲು ತಂತಿ ಬ್ರಷ್ಷಿನಲ್ಲಿ ಉಜ್ಜಬೇಕು. ಬೀಗಿತ್ತಿಯರಿಬ್ಬರೂ ಎದುರುಬದುರು ಚಕ್ಕಳಮಕ್ಕಳ ಹಾಕಿ ಕೂತರು. ಚೌಡಮ್ಮ ಉಜ್ಜಿದ ರಭಸಕ್ಕೆ ಬೆರಳ ಗೆಣ್ಣು ಕಿತ್ತುಬಂತು. ಸಣ್ಣಮ್ಮ ಬ್ರಷ್ಷು ನಿಲ್ಲಿಸಿ, ‘ಬೀಗಿತ್ತಿ, ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿದೀರಿ. ಎಣ್ಣೆ ಕೈ ತಾಗಿದ್ರೆ ಅಂಟಲ್ಲ. ಸೀಗೆಪುಡಿ ಹಾಕಿ ಕೈ ತೊಳ್ಕೊಂಡು ಬನ್ನಿ’ ಎಂದಳು. ಬೇರೆ ದಿನವಾಗಿದ್ದರೆ ಅಲ್ಲೊಂದು ಕುರುಕ್ಷೇತ್ರವೇ ಆಗುತ್ತಿತ್ತು. ಚೌಡಮ್ಮ ಎದ್ದು ಹೋಗಿ ಕೈ ತೊಳೆದು ಬಂದಳು, ಬಂದು ಕೈ ಮುಂದೆ ಚಾಚಿ ತೋರಿಸಿದಳು ಕೂಡ. ಸಣ್ಣಮ್ಮ ಮೂಸಿ ನೋಡಿ ತಲೆಯಾಡಿಸಿದಳು.

ಗಟ್ಟಿ, ಮೆತ್ತನೆ, ಗಟ್ಟಿ, ಮೆತ್ತನೆ ಎಂದು ಅಡುಕಿ, ಕೆಂಡದ ಮೇಲೆ ಒಂದಿಷ್ಟು ಬೆಚ್ಚಗೆ ಮಾಡಿ ಉರುಳೆಗೆ ಕೊಟ್ಟೆವು. ಉರುಳೆ ತಿರುಗಿಸುವ ಚಕ್ರಕ್ಕೆ ನಾನು, ರೇವಣ್ಣ, ಸಾಬರು ಮೂವರೂ ಕೈ ಹಾಕಿದೆವು. ಕಟ್ಟು ಒಳಗೆ ಹೋಗಲು ಒಪ್ಪದೆ ಮುಲುಗಿತು, ಆಮೇಲೆ ಹಿಡಿಯಿತು. ಆಚೆಯಿಂದ ಪಟ್ಟಿ ನಿಧಾನವಾಗಿ ನಾಲಿಗೆ ಚಾಚಿತು. ಅಂಚು ಅಲ್ಲಲ್ಲಿ ಬಿರಿದಿತ್ತು, ಹೊಳಪೂ ಇರಲಿಲ್ಲ. ನೋಡಲು ಚೆನ್ನಾಗಿಲ್ಲ ಎಂದು ಯಾರೂ ಹೇಳಲಿಲ್ಲ. ಹೊತ್ತುಕೊಂಡು ಓಡಿದೆವು.

ನಾವು ಮನೆ ಮುಟ್ಟುವಾಗ ಬಿಸಿಲು ಎದುರು ಜಗಲಿಯ ಅಂಚಿನಲ್ಲಿತ್ತು. ನಮ್ಮ ಕಂಬಕ್ಕೆ ಸುತ್ತಿ ಬೆಣೆ ಬಡಿದೆವು. ಆ ಕಡೆ ರೇವಣ್ಣ ಎಳೆದು ನೋಡಿದರೆ ಅವನ ಕಂಬಕ್ಕೆ ಒಂದು ಸುತ್ತು ಬರುವಷ್ಟು ಮಾತ್ರ ಉಳಿದಿತ್ತು. ಅವನು ಬೆಣೆ ಬಡಿಯುತ್ತಿರುವಾಗಲೇ ನಮ್ಮ ಬಿಂದಿಗೆಯ ನೀರು ವಾಲಿತು. ಸಣ್ಣಮ್ಮ ಬೀದಿಯ ನಡುವೆ ಇದ್ದಳು. ‘ಬೇಗ ಹೋಗಿ ಬೀಗಿತ್ತಿ, ಬೇಗ!’ ಎಂದು ಚೌಡಮ್ಮ ಕಿರುಚಿದಳು. ಆ ಹೆಂಗಸು ಅವಸರವಿಲ್ಲದೆ ತನ್ನ ಜಗಲಿ ಹತ್ತಿ, ಸುಗುಣಳ ಪಕ್ಕ ಕೂತು, ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಪಟ್ಟಿ ಬಿಗಿಯಿತು. ಮೊದಲು ಏನೂ ಆಗಲಿಲ್ಲ. ಆಮೇಲೆ ನಮ್ಮ ಕಂಬದ ಹತ್ತಿರ ಒಂದು ಓರೆ ಗೆರೆ ಕಾಣಿಸಿಕೊಂಡಿತು, ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ ಮಾಸಲು ಬಣ್ಣ. ಆ ಗೆರೆ ಪಟ್ಟಿಯುದ್ದಕ್ಕೂ ನಿಧಾನವಾಗಿ ಎದುರುಮನೆಯ ಕಡೆ ನಡೆಯಿತು. ಗೆರೆ ದಾಟಿಹೋದ ಕಡೆ ಪಟ್ಟಿ ಒಂದಿಷ್ಟು ಹಿಗ್ಗಿರುತ್ತದೆ, ಮುಂದೆ ಇನ್ನೂ ಹಿಗ್ಗಿರುವುದಿಲ್ಲ. ಗೆರೆ ನಡೆಯುತ್ತಿದ್ದರೆ ಒಳ್ಳೆಯದು, ನಿಂತರೆ ಕೆಟ್ಟದ್ದು, ಇದು ನಮ್ಮೂರಿನ ಮಕ್ಕಳಿಗೂ ಗೊತ್ತು. ಚೌಡಮ್ಮ ಗೆರೆಯ ಜೊತೆಗೇ ಅಂಗಳದ ತುದಿಯವರೆಗೂ ನಡೆದಳು, ಅಲ್ಲಿಂದ ಮುಂದೆ ಕಣ್ಣಲ್ಲೇ ನಡೆದಳು. ಗೆರೆ ಆ ಕಂಬ ಮುಟ್ಟಿತು. ಮನೆ ಹಿಂದೆ ಸರಿಯುತ್ತಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಪಟ್ಟಿಯ ನಡುಭಾಗದಲ್ಲಿ ಒಂದು ಕಡೆ ಸೊಂಟ ಕಾಣಿಸಿತು. ನನ್ನ ಕಣ್ಣಿಗೆ ಬಿದ್ದದ್ದು ಅವಳಿಗೂ ಬಿತ್ತು. ಅವಳು ನನ್ನ ತೋಳು ಹಿಡಿದಳು, ಉಗುರು ಒಳಗೆ ಇಳಿಯಿತು. ಆ ಜಾಗ ಮೇಲ್ಮೈಯೆಲ್ಲ ತರಿತರಿಯಾಗಿ ಸಣ್ಣಗಾಗುತ್ತಾ ಬಂತು. ‘ಹೋಯ್ತು’ ಎಂದಳು. ನಾನೂ ಹೋಯಿತೆಂದೇ ಅಂದುಕೊಂಡೆ. ಸುಗುಣ ಆ ಜಗಲಿಯಲ್ಲಿ ಎದ್ದು ನಿಂತದ್ದು ಕಾಣಿಸಿತು. ದೇವೀರಪ್ಪನವರ ಸೊಸೆ ನಿಂತದ್ದೂ ಹಾಗೆಯೇ. ಆದರೆ ಸೊಂಟ ಅಷ್ಟಕ್ಕೇ ನಿಂತಿತು. ಒಳಗಿನ ಗಟ್ಟಿ ಪದರ ಸೋಲಲು ಹೊರಟಿತ್ತು, ಅಕ್ಕಪಕ್ಕದ ಮೆತ್ತನೆಯ ಪದರ ಬಿಡಲಿಲ್ಲ. ಆ ಜಾಗದ ಪಕ್ಕ ಹಿಗ್ಗತೊಡಗಿತು, ಆಮೇಲೆ ಅದರ ಪಕ್ಕ, ಆಮೇಲೆ ಅದರಾಚೆ. ಒಂದೇ ಕಡೆ ಬಿದ್ದಿದ್ದ ಭಾರ ಉದ್ದಕ್ಕೂ ಹರಡಿಹೋಯಿತು. ಚೌಡಮ್ಮ ತೋಳು ಬಿಟ್ಟಳು, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ದನ ಬಂದವು. ಬಿಂದಿಗೆಯ ನೀರು ಮಟ್ಟಕ್ಕೆ ಬಂದು ಅಲುಗಾಡದೆ ನಿಂತಿತು. ಬೀದಿಯ ಉದ್ದಕ್ಕೂ ಜನ ಜಗಲಿಯಿಂದ ಇಳಿದು ಒಬ್ಬರನ್ನೊಬ್ಬರು ಮಾತಾಡಿಸತೊಡಗಿದರು, ಯಾರೋ ಜೋರಾಗಿ ನಕ್ಕರು. ಯಾರ ಪಟ್ಟಿಯೂ ಹರಿದಿರಲಿಲ್ಲ. ನಾನು ಕಂಬ ಹಿಡಿದುಕೊಂಡು ನಿಂತೆ. ಎದುರುಮನೆ ಅಲ್ಲಿತ್ತು. ಹಿಂದಿನ ವರ್ಷಕ್ಕಿಂತ ದೂರವೇ, ಸುಳ್ಳು ಯಾಕೆ ಹೇಳಲಿ. ಆ ಜಗಲಿಯಲ್ಲಿ ಕೂತವರ ಮುಖ ಈಗ ಸರಿಯಾಗಿ ಕಾಣುತ್ತಿರಲಿಲ್ಲ. ಚೌಡಮ್ಮ ಅತ್ತಾಳೇನೋ ಎಂದು ನಾನು ಹೆದರಿದೆ. ಅವಳು ಸೀರೆಯ ಧೂಳು ಕೊಡವಿಕೊಂಡು ಎದ್ದಳು, ಅಂಗಳದ ತುದಿಗೆ ಹೋಗಿ, ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು.

‘ಸುಗುಣಾ…!’

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತೆಳ್ಳಗೆ, ಆದರೆ ಸ್ಪಷ್ಟವಾಗಿ, ಆ ಕಡೆಯಿಂದ ಬಂತು.

‘ಏನಮ್ಮಾ…?’

ಚೌಡಮ್ಮ ನನ್ನ ಕಡೆ ತಿರುಗಿದಳು. ಮುಖದ ತುಂಬ ನೀರು, ಮುಖದ ತುಂಬ ನಗು. ಮತ್ತೆ ಆ ಕಡೆ ತಿರುಗಿ ಇಡೀ ಬೀದಿಗೆ ಕೇಳುವಂತೆ ಕೂಗಿದಳು.

‘ಏನಿಲ್ಲ ಕಣೇ…! ಇದೀಯಾ ಅಂತ ಕೂಗ್ದೆ ಅಷ್ಟೇ!’